ಮ್ಯಾಕ್‌ಬೆತ್‌ನನ್ನು ನಡೆಸಿದ್ದು ಮಹತ್ವಾಕಾಂಕ್ಷೆಯೋ, ಭಯವೋ?

ಸ್ಕಾಟ್ಲೆಂಡಿನ ಸೇನಾನಿ ಮ್ಯಾಕ್‌ಬೆತ್‌ನ ಪತನಕ್ಕೆ ಮಹತ್ವಾಕಾಂಕ್ಷೆಯೊಂದೇ ಕಾರಣವೇ, ಭಯಕ್ಕೆ ಅದರಲ್ಲಿ ಪಾಲಿಲ್ಲವೇ ಎಂದು ತಾವು ಕೇಳಿದ್ದೀರಿ. ಷೇಕ್ಸ್‌ಪಿಯರನ ಈ ನಾಟಕವನ್ನು ಹಲವು ಬಾರಿ ಓದಿದ ಮೇಲೆ ನನಗೆ ಮನವರಿಕೆಯಾಗಿರುವುದೇನೆಂದರೆ, ಸಿಂಹಾಸನದ ಆಸೆ ಅವನನ್ನು ಮೊದಲ ಕೊಲೆಯ ಹೊಸ್ತಿಲಿಗೆ ತಂದು ನಿಲ್ಲಿಸುತ್ತದೆಯಷ್ಟೆ. ಹೊಸ್ತಿಲು ದಾಟಿಸುವುದೂ ಮುಂದೆ ನಡೆಸುವುದೂ ಭಯವೇ.

ಮಾಟಗಾತಿಯರು ಅವನು ರಾಜನಾಗುವನೆಂದು ನುಡಿದಾಗ ಅವನು ಬೆಚ್ಚುತ್ತಾನೆ. ಇಷ್ಟು ಒಳ್ಳೆಯ ಮಾತಿಗೆ ಹೆದರುವುದೇಕೆಂದು ಪಕ್ಕದಲ್ಲಿದ್ದ ಜೊತೆ ಸೇನಾನಿ ಬ್ಯಾಂಕ್ವೋ ಕೇಳಿಯೇಬಿಡುತ್ತಾನೆ. ಮೊದಲ ಅಂಕದ ಏಳನೆಯ ದೃಶ್ಯದಲ್ಲಿ, ದೊರೆ ಡಂಕನ್ ತನ್ನ ಬಂಧು, ತನ್ನ ಮನೆಯ ಅತಿಥಿ, ಈಚೆಗಷ್ಟೇ ತನ್ನನ್ನು ಗೌರವಿಸಿದವನು ಎಂದು ಯೋಚಿಸಿ ಮ್ಯಾಕ್‌ಬೆತ್ ಹಿಂದೆ ಸರಿಯುತ್ತಾನೆ. ಅವನ ಮನಸ್ಸನ್ನು ಮತ್ತೆ ತಿರುಗಿಸಲು ಹೆಂಡತಿ ಕಿರೀಟದ ಸೊಗಸನ್ನು ಬಣ್ಣಿಸುತ್ತ ಕೂರುವುದಿಲ್ಲ. ನಿನ್ನ ಕಣ್ಣಿಗೇ ನೀನು ಹೇಡಿಯಾಗಿ ಬದುಕುವೆಯಾ ಎಂದು ಕೇಳುತ್ತಾಳೆ. ರಣರಂಗದಲ್ಲಿ ಸಾವಿಗೆ ಅಂಜದವನು ಆ ಒಂದು ಮಾತಿಗೆ ಅಂಜಿ ಒಪ್ಪಿಕೊಳ್ಳುತ್ತಾನೆ.

ಡಂಕನ್‌ನ ಕೊಲೆ ಮಾಡಿ ಅವನು ಹೊರಬರುವ ದೃಶ್ಯವನ್ನು ತಾವು ನಿಧಾನವಾಗಿ ಓದಬೇಕು. ರಕ್ತ ಮೆತ್ತಿದ ಕಠಾರಿಗಳನ್ನು ಕಾವಲುಗಾರರ ಬಳಿ ಬಿಟ್ಟುಬರಬೇಕಾಗಿತ್ತು. ಅವು ಅವನ ಕೈಯಲ್ಲೇ ಇವೆ. ಒಳಗೆ ಯಾರೋ ‘ದೇವರು ಕಾಪಾಡಲಿ’ ಎಂದಾಗ ‘ಆಮೆನ್’ ಎನ್ನಲು ಹೋದರೆ ಶಬ್ದ ಗಂಟಲಲ್ಲೇ ಸಿಕ್ಕಿಕೊಂಡಿತೆಂದು ಪದೇಪದೇ ಹೇಳುತ್ತಾನೆ. ಕಠಾರಿಗಳನ್ನು ಇಟ್ಟುಬಾ ಎಂದು ಹೆಂಡತಿ ಹೇಳಿದರೆ, ಮಾಡಿದ್ದನ್ನು ನೆನೆಯಲೂ ಭಯವಾಗುತ್ತದೆ, ಮತ್ತೆ ಅಲ್ಲಿಗೆ ಹೋಗಲಾರೆ ಎನ್ನುತ್ತಾನೆ. ಅಷ್ಟರಲ್ಲಿ ಯಾರೋ ಕೋಟೆಯ ಬಾಗಿಲು ಬಡಿಯುತ್ತಾರೆ. ಗೆದ್ದವನ ಲಕ್ಷಣ ಇಲ್ಲಿ ಎಳ್ಳಷ್ಟೂ ಇಲ್ಲ.

ಪಟ್ಟವೇರಿದ ಮೇಲೆ ಆಸೆಗೆ ಇನ್ನು ಬಯಸುವುದೇನೂ ಉಳಿದಿರಬಾರದು. ಆದರೆ ಮೂರನೆಯ ಅಂಕದಲ್ಲಿ ಅವನೇ, ಬರಿದೇ ರಾಜನಾಗಿರುವುದರಲ್ಲಿ ಏನೂ ಇಲ್ಲ, ನಿಶ್ಚಿಂತನಾಗಿ ರಾಜನಾಗಿರಬೇಕು ಎನ್ನುತ್ತಾನೆ. ಬ್ಯಾಂಕ್ವೋನ ವಂಶದವರು ರಾಜರಾಗುವರೆಂದೂ ಮಾಟಗಾತಿಯರು ನುಡಿದಿದ್ದರಿಂದ, ಆ ನಿಶ್ಚಿಂತೆಗಾಗಿ ಬ್ಯಾಂಕ್ವೋನನ್ನು ಕೊಲ್ಲಿಸುತ್ತಾನೆ. ಬ್ಯಾಂಕ್ವೋನ ಮಗ ಫ್ಲಿಯಾನ್ಸ್ ತಪ್ಪಿಸಿಕೊಂಡದ್ದರಿಂದ ಹಳೆಯ ಭಯ ಹಾಗೆಯೇ ಉಳಿಯುತ್ತದೆ, ಔತಣದ ಪೀಠದಲ್ಲಿ ಬ್ಯಾಂಕ್ವೋನ ಪ್ರೇತ ಬಂದು ಕೂತು ಹೊಸ ಭಯವನ್ನೂ ಹುಟ್ಟಿಸುತ್ತದೆ. ಸರದಾರರ ಮನೆಮನೆಯಲ್ಲೂ ಅವನು ಸಂಬಳ ಕೊಟ್ಟು ಗೂಢಚಾರನನ್ನು ಇಟ್ಟಿರುತ್ತಾನೆ. ಹೆಣ್ಣೊಬ್ಬಳು ಹೆತ್ತ ಯಾರಿಂದಲೂ ತನಗೆ ಕೇಡಿಲ್ಲವೆಂಬ ಭವಿಷ್ಯವನ್ನು ನಾಲ್ಕನೆಯ ಅಂಕದಲ್ಲಿ ಮಾಟಗಾತಿಯರ ಬಳಿ ಕೇಳಿಸಿಕೊಂಡಾಗ, ಹಾಗಾದರೆ ಸರದಾರ ಮ್ಯಾಕ್‌ಡಫ್ ಬದುಕಿಕೊಳ್ಳಲಿ ಎನ್ನುತ್ತಾನೆ. ಮರುಕ್ಷಣವೇ, ಭಯದ ಬಾಯಿ ಮುಚ್ಚಿಸಿ ನಿದ್ದೆ ಮಾಡಬೇಕಾದರೆ ಅವನೂ ಸಾಯಬೇಕೆಂದು ಮಾತು ಬದಲಿಸುತ್ತಾನೆ. ಮ್ಯಾಕ್‌ಡಫ್ ಇಂಗ್ಲೆಂಡಿಗೆ ಓಡಿಹೋಗಿದ್ದಾನೆಂದು ತಿಳಿದು ಅವನ ಹೆಂಡತಿ ಮಕ್ಕಳನ್ನು ಕೊಲ್ಲಿಸುತ್ತಾನೆ. ಆ ಮಕ್ಕಳ ಸಾವಿನಿಂದ ಅವನ ರಾಜ್ಯಕ್ಕೆ ಅಂಗುಲ ನೆಲವೂ ಸೇರುವುದಿಲ್ಲ. ಮಹತ್ವಾಕಾಂಕ್ಷೆಯ ವಿವರಣೆ ನನ್ನ ಮಟ್ಟಿಗೆ ಇಲ್ಲಿ ಪೂರ್ತಿಯಾಗಿ ಸೋಲುತ್ತದೆ.

ಐದನೆಯ ಅಂಕದಲ್ಲಿ ತನಗೆ ಭಯದ ರುಚಿಯೇ ಬಹುಮಟ್ಟಿಗೆ ಮರೆತುಹೋಗಿದೆ ಎಂದು ಅವನು ಹೇಳಿಕೊಳ್ಳುತ್ತಾನೆ. ಅನೇಕರು ಈ ಮಾತನ್ನು ನಂಬುತ್ತಾರೆ, ನಾನು ನಂಬಲಾರೆ. ತಾನು ತಾಯಿ ಹೆತ್ತವನಲ್ಲ, ಅವಳ ಗರ್ಭವನ್ನು ಸೀಳಿ ಹೊರತೆಗೆದ ಕೂಸೆಂದು ಮ್ಯಾಕ್‌ಡಫ್ ತಿಳಿಸಿದೊಡನೆ ಅವನು ನಿನ್ನೊಡನೆ ಕಾದಲಾರೆ ಎನ್ನುತ್ತಾನೆ. ಹಾಗಾದರೆ ಶರಣಾಗು ಹೇಡಿ, ಜನ ನೋಡಿ ನಗುವ ಪ್ರದರ್ಶನದ ವಸ್ತುವಾಗಿ ಬದುಕು ಎಂದು ಮ್ಯಾಕ್‌ಡಫ್ ಹೇಳುತ್ತಾನೆ. ಮೊದಲ ಅಂಕದಲ್ಲಿ ಹೆಂಡತಿ ಆಡಿದ್ದ ಅದೇ ಮಾತು. ಅದನ್ನು ಕೇಳಿದ ಮ್ಯಾಕ್‌ಬೆತ್, ಸಾವು ಖಚಿತವೆಂದು ಗೊತ್ತಿದ್ದೂ, ಗುರಾಣಿಯನ್ನು ಎದೆಗೆ ಅಡ್ಡ ಹಿಡಿದು ಮುನ್ನುಗ್ಗುತ್ತಾನೆ.