ಲೆಕ್ಕದ ಪುಸ್ತಕವೂ ಅವರದ್ದೇ, ಬಂದೂಕೂ ಅವರದ್ದೇ: ಪುತ್ತೂರಿನ ಓದುಗರಿಗೆ ಉತ್ತರ

ಪುತ್ತೂರಿನ ಓದುಗರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ಇಪ್ಪತ್ತೆರಡು ವರ್ಷ ಬಹ್ರೇನಿನ ಮನಾಮದಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿ, ಈಗ ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರಂತೆ. ಕಳೆದ ಸಂಚಿಕೆಯ ನನ್ನ ಮುತ್ತಿನ ಲೇಖನದಲ್ಲಿ ಒಂದು ವಾಕ್ಯ ಅವರಿಗೆ ಸರಿಬಂದಿಲ್ಲ. 'ಬ್ರಿಟಿಷರು ಬಂದು ಬಹ್ರೇನಿನ ಮುತ್ತು ತೆಗೆಯುವವರನ್ನು ಸಾಲದ ಜೀತದಿಂದ ಬಿಡಿಸಿದರು' ಅಂತ ಬರೆದಿದ್ದೆ. ಅವರು ಕೇಳಿದ್ದು ಇಷ್ಟು: 'ಮನಾಮದ ಎದುರಿನ ದ್ವೀಪ ಮುಹರ್ರಕ್‌ನಲ್ಲಿ ನನ್ನ ಜೊತೆ ಚಹಾ ಕುಡಿಯುತ್ತಿದ್ದ ಅಜ್ಜ ಒಬ್ಬರು, ಮುಂಗಡ ಕೇಳಲು ಹೋದ ನಮ್ಮ ಹಿರಿಯರಿಗೆ ಪೊಲೀಸರು ಗುಂಡು ಹೊಡೆದರು ಅನ್ನುತ್ತಿದ್ದರು. ಬಿಡಿಸಿದವರು ಗುಂಡು ಯಾಕೆ ಹೊಡೆದರು? ಆ ಪೊಲೀಸರು ನಿಮ್ಮ ದೇಶದವರೇ ಅಂತಲೂ ಆ ಅಜ್ಜ ಹೇಳುತ್ತಿದ್ದರು, ನಿಜವೇ? ಜಪಾನಿನ ಮುತ್ತು ಬಂದು ಎಲ್ಲಾ ಹಾಳಾಯಿತು ಅನ್ನೋದು ಸರಿಯೇ?'

ಸಾರ್, ಮೊದಲು ತಪ್ಪೊಪ್ಪಿಗೆ. ಆ ವಾಕ್ಯ ಬರೆಯುವಾಗ ನಾನು ಸ್ವಲ್ಪ ಸೋಮಾರಿಯಾಗಿದ್ದೆ. ಸುಳ್ಳೇನಲ್ಲ, ಆದರೆ ಅರ್ಧಕ್ಕೇ ನಿಲ್ಲಿಸಿದ ಮಾತು. ಉಳಿದರ್ಧ ಇಲ್ಲಿದೆ, ಉದ್ದವಾದರೆ ಬೈಯಬೇಡಿ.

ಸಾಲದಿಂದಲೇ ಶುರು ಮಾಡೋಣ, ನೀವು ಲೆಕ್ಕದವರು, ಬೇಗ ಹಿಡಿತಕ್ಕೆ ಸಿಗುತ್ತದೆ. ದೋಣಿಯ ಯಜಮಾನ ನಾಖುದಾ. ನಮ್ಮ ಮೀನಿನ ದೋಣಿಯ ತಂಡೇಲನ ಹಾಗೆ ಅಂದುಕೊಳ್ಳಿ. ಆ ಹೆಸರು ನಮ್ಮ ಕರಾವಳಿಯ ಕೆಲವು ಮುಸ್ಲಿಂ ಮನೆತನಗಳಲ್ಲಿ ಈಗಲೂ ಇದೆ, ನಿಮಗೆ ಗೊತ್ತಿರುತ್ತದೆ. ಸಮುದ್ರಕ್ಕೆ ಇಳಿಯುವವನು ಘೈಸ್. ಮೇಲೆ ನಿಂತು ಹಗ್ಗ ಎಳೆಯುವವನು ಸೈಬ್. ಬೇಸಿಗೆಯಲ್ಲಿ ಸುಮಾರು ನಾಲ್ಕು ತಿಂಗಳು ಕೆಲಸ, ಉಳಿದ ಎಂಟು ತಿಂಗಳು ಮನೆ ನಡೆಯಬೇಕಲ್ಲ? ಅದಕ್ಕೆ ಮುಂಗಡ. ಚಳಿಗಾಲದ ಖರ್ಚಿಗೆ ಕೊಡುವುದಕ್ಕೆ ಒಂದು ಹೆಸರು ತಿಸ್ಕಾಮ್, ದೋಣಿ ಹೊರಡುವ ಮುಂಚೆ ಮನೆಗೆ ಅಕ್ಕಿ ಖರ್ಜೂರ ಹಾಕಿ ಬರಲು ಕೊಡುವುದಕ್ಕೆ ಇನ್ನೊಂದು ಹೆಸರು ಸಲಫ್. ಸೀಜನ್ ಮುಗಿದ ಮೇಲೆ ಮುತ್ತು ಮಾರಿದ ದುಡ್ಡಿನಲ್ಲಿ ಊಟದ ಖರ್ಚು, ದೋಣಿಯ ಪಾಲು ಕಳೆದು ಉಳಿದದ್ದನ್ನು ಹಂಚುತ್ತಿದ್ದರು. ಮುಳುಗುವವನಿಗೆ ಮೂರು ಪಾಲು, ಹಗ್ಗದವನಿಗೆ ಎರಡು, ಎಳೆಯ ಸಹಾಯಕನಿಗೆ ಒಂದು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅವನ ಪಾಲಿನಿಂದ ಮುಂಗಡ ಕಳೆದರೆ ಎಷ್ಟೋ ಸಲ ಕೈಗೆ ಬರುವುದು ಸೊನ್ನೆ, ಇಲ್ಲದಿದ್ದರೆ ಸೊನ್ನೆಗಿಂತ ಕೆಳಗೆ. ಆ ಬಾಕಿ ಮುಂದಿನ ವರ್ಷಕ್ಕೆ. ಅಪ್ಪ ಸತ್ತರೆ ಮಗನ ತಲೆಗೆ.

ಇದರಲ್ಲಿ ನನಗೆ ಜಾಸ್ತಿ ಕಾಡುವುದು ಒಂದು ಚೀಟಿ. ಬರ್ವಾ ಅಂತ ಅದರ ಹೆಸರು. ಇವನ ಸಾಲ ತೀರಿದೆ, ಅಥವಾ ಇಷ್ಟು ಉಳಿದಿದೆ ಅಂತ ನಾಖುದಾ ಬರೆದುಕೊಡುವ ಕಾಗದ. ಅದಿಲ್ಲದೆ ಇನ್ನೊಬ್ಬ ನಾಖುದಾನ ದೋಣಿ ಹತ್ತುವ ಹಾಗಿಲ್ಲ. ಹತ್ತಬೇಕಾದರೆ ಹೊಸ ಯಜಮಾನ ಹಳೆಯ ಸಾಲ ಹೊತ್ತುಕೊಳ್ಳಬೇಕು. ಓದಲು ಬಾರದ ಮನುಷ್ಯ, ಅವನ ಇಡೀ ಬದುಕಿನ ಮೊತ್ತ ಬೇರೊಬ್ಬನ ಕೈಬರಹದಲ್ಲಿ. ಎಷ್ಟು ಅಕ್ಕಿ ಕೊಟ್ಟರು, ಯಾವ ದರದಲ್ಲಿ ಹಿಡಿದರು, ಮುತ್ತು ಎಷ್ಟಕ್ಕೆ ಹೋಯಿತು, ಯಾವುದೂ ಅವನಿಗೆ ಗೊತ್ತಾಗುವ ಸಾಧ್ಯತೆ ಇರಲಿಲ್ಲ. ಜಗಳ ಬಂದರೆ ಹೋಗಬೇಕಾದ ನ್ಯಾಯಪೀಠ ಸಾಲಿಫಾ. ಅಲ್ಲಿ ಕೂರುವವರು ಮುತ್ತಿನ ವ್ಯಾಪಾರದವರೇ. ಸಾಲ ಕೊಟ್ಟವನ ಜಗಲಿಯಲ್ಲೇ ಸಾಲಗಾರನ ಪಂಚಾಯಿತಿ!

ಕೆಲಸ ಹೇಗಿತ್ತು ಅಂತ ನಿಮ್ಮ ಅಜ್ಜ ಹೇಳಿಯೇ ಇರುತ್ತಾರೆ. ಮೂಗಿಗೆ ಫತ್ತಾಮ್ ಅನ್ನುವ ಚಿಮಟಿಗೆ, ಬೆರಳುಗಳಿಗೆ ಚರ್ಮದ ಕವಚ, ಕಾಲಿಗೆ ಕಲ್ಲಿನ ಭಾರ, ಕತ್ತಿನಲ್ಲಿ ಬಲೆಯ ಬುಟ್ಟಿ. ಎರಡು ಹಗ್ಗ. ಒಂದು ಕಲ್ಲಿನದ್ದು, ಒಂದು ಮನುಷ್ಯನದ್ದು. ಕೆಳಗೆ ಸುಮಾರು ಒಂದು ನಿಮಿಷ, ಒಂದೂವರೆ ನಿಮಿಷ. ಹಗ್ಗ ಜಗ್ಗಿದರೆ ಸೈಬ್ ಎಳೆದುಕೊಳ್ಳಬೇಕು. ಅವನಿಗೆ ಒಂದು ಗಳಿಗೆ ಕಣ್ಣು ಮುಚ್ಚಿದರೂ ಕೆಳಗಿದ್ದವನ ಕಥೆ ಮುಗಿಯಿತು. ಹಗಲಿಡೀ ಕಾಫಿ, ಖರ್ಜೂರ, ಅಷ್ಟೇ. ಹೊಟ್ಟೆ ತುಂಬಿದ್ದರೆ ಮುಳುಗಲು ಆಗುವುದಿಲ್ಲ. ಸಂಜೆಗೆ ಅನ್ನ, ಮೀನು. ಸಿಪ್ಪೆ ಒಡೆಯುವುದು ಮರುದಿನ ಬೆಳಗ್ಗೆ, ನಾಖುದಾನ ಕಣ್ಣೆದುರಿಗೆ.

ಮುತ್ತು ದಡಕ್ಕೆ ಬಂದಮೇಲೆ ಬೇರೆಯೇ ಲೋಕ. ತವ್ವಾಶ್ ಅಂದರೆ ಮುತ್ತಿನ ವ್ಯಾಪಾರಿ. ಹಿತ್ತಾಳೆಯ ಜರಡಿಗಳು, ಒಂದಕ್ಕಿಂತ ಒಂದು ಸಣ್ಣ ತೂತು. ಕೆಂಪು ಬಟ್ಟೆಯ ಮೇಲೆ ಮುತ್ತು ಸುರಿದು ನೋಡುತ್ತಾರೆ, ಆಗ ಬಣ್ಣ ಸರಿಯಾಗಿ ಕಾಣುತ್ತದೆ. ಬೆಲೆ ಕೂಗುವುದಿಲ್ಲ. ಬಟ್ಟೆಯ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತಿ ಹೇಳುತ್ತಾರೆ. ನಮ್ಮ ದನದ ಜಾತ್ರೆಯಲ್ಲಿ ಟವೆಲ್ ಹೊದಿಸಿ ಬೆರಳು ಹಿಡಿಯುತ್ತಾರಲ್ಲ, ಅದೇ ಥರ. ಸುತ್ತ ಹತ್ತು ಜನ ಕೂತಿದ್ದರೂ ಎಷ್ಟಕ್ಕೆ ಹೋಯಿತು ಅಂತ ಇಬ್ಬರಿಗೇ ಗೊತ್ತು. ಮುಳುಗಿ ತಂದವನು ಆ ಇಬ್ಬರಲ್ಲಿ ಒಬ್ಬನಲ್ಲ. ಅಲ್ಲಿಂದ ಮುತ್ತು ಮುಂಬೈಗೆ. ತೂತು ಕೊರೆದು, ವಿಂಗಡಿಸಿ, ದಾರಕ್ಕೆ ಪೋಣಿಸಿ ಪ್ಯಾರಿಸ್‌ಗೆ ಹೋಗುತ್ತಿತ್ತು. ವ್ಯವಹಾರವೆಲ್ಲ ನಮ್ಮ ರೂಪಾಯಿಯಲ್ಲೇ. ನಮ್ಮ ಅಜ್ಜಿಯರು ಬಸರಾ ಮುತ್ತು ಅನ್ನುತ್ತಿದ್ದದ್ದು ಇದೇ ಕೊಲ್ಲಿಯ ಮುತ್ತನ್ನು. 1912ರಲ್ಲಿ ಪ್ಯಾರಿಸ್‌ನ ಆಭರಣ ಮನೆತನದ ಜಾಕ್ ಕಾರ್ಟಿಯೇ ಕೂಡ ವ್ಯಾಪಾರಿಗಳನ್ನು ನೋಡಲು ಬಹ್ರೇನ್‌ಗೆ ಬಂದಿದ್ದ. 20ನೇ ಶತಮಾನದ ಆರಂಭದ ಬ್ರಿಟಿಷ್ ಲೆಕ್ಕದಲ್ಲಿ ಬಹ್ರೇನ್ ಒಂದರಲ್ಲೇ ಸುಮಾರು 900 ಮುತ್ತಿನ ದೋಣಿ, 17 ಸಾವಿರಕ್ಕೂ ಜಾಸ್ತಿ ಜನ. ಆ ಪುಟ್ಟ ದ್ವೀಪಕ್ಕೆ ಬೇರೆ ಅನ್ನವೇ ಇರಲಿಲ್ಲ ಅಂದರೂ ನಡೆಯುತ್ತದೆ.

ಈಗ ಬ್ರಿಟಿಷರ ಕಥೆ. ಬಹ್ರೇನ್ ಅವರ ವಸಾಹತು ಅಲ್ಲ. 1861ರ ಒಪ್ಪಂದ, ಆಮೇಲೆ 1880, 1892ರವು, ಹೀಗೆ ಒಂದೊಂದೇ ಕಾಗದಕ್ಕೆ ಸಹಿ ಹಾಕಿಸಿಕೊಂಡು ಕೈಯೊಳಗೆ ಇಟ್ಟುಕೊಂಡಿದ್ದರು. ನೋಡಿಕೊಳ್ಳುತ್ತಿದ್ದದ್ದು ಲಂಡನ್‌ಗಿಂತ ಜಾಸ್ತಿ ನಮ್ಮ ಆಗಿನ ಬ್ರಿಟಿಷ್ ಭಾರತ ಸರ್ಕಾರವೇ. ಮನಾಮದಲ್ಲಿ ಪೊಲಿಟಿಕಲ್ ಏಜೆಂಟ್ ಅನ್ನುವ ಬ್ರಿಟಿಷ್ ಪ್ರತಿನಿಧಿ, ಅವನ ಮೇಲೆ ಪರ್ಷಿಯಾದ ಬುಶಹರ್‌ನಲ್ಲಿ ರೆಸಿಡೆಂಟ್ ಅನ್ನುವ ಹಿರಿಯ ಅಧಿಕಾರಿ. 1923ರ ಮೇ ತಿಂಗಳಲ್ಲಿ ಮನಾಮದಲ್ಲಿ ಒಂದು ಗಡಿಯಾರದ ವಿಷಯಕ್ಕೆ ಹತ್ತಿದ ಜಗಳ ಮಧ್ಯ ಅರೇಬಿಯಾದ ನಜ್ದ್ ಕಡೆಯಿಂದ ಬಂದ ನಜ್ದಿಗಳು ಮತ್ತು ಪರ್ಷಿಯನ್ನರ ನಡುವೆ ದೊಡ್ಡ ಗಲಭೆಯಾಯಿತು. ಬ್ರಿಟಿಷರು ಅದನ್ನೇ ಹಿಡಿದುಕೊಂಡು, 1869ರಿಂದ ಆಳುತ್ತಿದ್ದ ಶೇಖ್ ಈಸಾ ಬಿನ್ ಅಲಿಯನ್ನು ಪಕ್ಕಕ್ಕೆ ಸರಿಸಿ ಮಗ ಹಮದ್ ಕೈಗೆ ಆಡಳಿತ ಕೊಡಿಸಿದರು. ಆಗಿನ ಏಜೆಂಟ್ ಮೇಜರ್ ಡೇಲಿ. ಸುಧಾರಣೆಗಳ ಹಿಂದೆ ಇದ್ದವನೂ ಅವನೇ.

ಮುತ್ತಿನ ಸುಧಾರಣೆ ಏನಂದರೆ, ಪ್ರತಿ ಮುಳುಗುವವನಿಗೂ ಅವನದೇ ಲೆಕ್ಕದ ಪುಸ್ತಕ. ನಾಖುದಾ ಅದರಲ್ಲಿ ಬರೆಯಲೇಬೇಕು. ಬಡ್ಡಿಗೆ ಮಿತಿ. ಮುಂಗಡ ಇಷ್ಟೇ ಅಂತ ಸರ್ಕಾರವೇ ಹೇಳುವುದು. ಸಾಲಿಫಾದ ಹಳೆಯ ದರ್ಬಾರಿಗೂ ಕಡಿವಾಣ. ನಾನು ಬಿಡಿಸಿದರು ಅಂತ ಬರೆದದ್ದು ಇದನ್ನು ನೋಡಿಯೇ. ವ್ಯಾಪಾರಿಗಳಿಗೆ, ದೊಡ್ಡ ಕುಲಗಳಿಗೆ ಇದು ಮೈಉರಿಯ ವಿಷಯವಾಯಿತು. ಬುದಯ್ಯದ ದವಾಸಿರ್ ಕುಲದವರಂತೂ ಈ ಹೊಸ ಆಡಳಿತದ ಸಹವಾಸವೇ ಬೇಡ ಅಂತ ಸಮುದ್ರ ದಾಟಿ ಅರೇಬಿಯಾದ ದಮ್ಮಾಮ್‌ಗೆ ಹೊರಟುಹೋದರು.

ಆದರೆ ಸಾರ್, ನಾನು ಎಡವಿದ್ದು ಇಲ್ಲೇ ನೋಡಿ. ಸಾಲ ಬೆಳೆಯಬಾರದು ಅನ್ನೋದನ್ನು ಆಫೀಸಿನಲ್ಲಿ ಕೂತು ಬರೆದರೆ ಸುಧಾರಣೆ. ಮುಹರ್ರಕ್‌ನ ಗಲ್ಲಿಯಲ್ಲಿ ಅದೇ ಮಾತಿಗೆ ಅರ್ಥ, ಈ ಚಳಿಗಾಲ ಮುಂಗಡ ಕಡಿಮೆ. ಹತ್ತು ವರ್ಷದ ನಂತರ ಸಾಲ ತೀರುತ್ತದೆ ಅನ್ನುವ ಮಾತು ಇವತ್ತು ಒಲೆ ಹೊತ್ತಿಸುವುದಿಲ್ಲ. ಮುಳುಗುವವನಿಗೆ ಸಾಲವೇ ಸಂಬಳ. ಹಾಗಾಗಿ ಯಾರ ಹೆಸರಲ್ಲಿ ಸುಧಾರಣೆ ಮಾಡಿದರೋ ಅವರೇ ಕೆಲವು ಸಲ ಅದರ ವಿರುದ್ಧ ಬೀದಿಗೆ ಬಂದರು. ಇದನ್ನು ಅವರ ತಿಳಿಗೇಡಿತನ ಅಂತ ಬರೆದ ಇಂಗ್ಲಿಷ್ ಅಧಿಕಾರಿಗಳಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಬೀದಿಗೆ ಬಂದವರನ್ನು ತಡೆಯಲು ಪೊಲೀಸ್ ಬೇಕು. ಮೊದಲು ಅಲ್ಲಿ ಪೊಲೀಸ್ ಅಂತ ಇದ್ದವರು ಶೇಖ್ ಮನೆತನದ ಫಿದಾವಿಗಳು, ಅಂದರೆ ಆಯುಧ ಹಿಡಿದ ಆಳುಗಳು, ಜೊತೆಗೆ ಪೇಟೆಯ ರಾತ್ರಿ ಕಾವಲುಗಾರರು. ಫಿದಾವಿಗಳ ಕಾಟಕ್ಕೆ ಹಳ್ಳಿಯ ಶಿಯಾ ರೈತರು ರೋಸಿಹೋಗಿದ್ದರು, ಅದೂ ನಿಜ. ಅವರ ಬದಲಿಗೆ 1924ರಲ್ಲಿ ಮಸ್ಕತ್ ಕಡೆಯಿಂದ ಬಲೂಚಿಗಳನ್ನು ಕರೆತಂದು ಲೆವಿ ಕೋರ್ ಅನ್ನುವ ಪೊಲೀಸ್ ಪಡೆ ಕಟ್ಟಿದರು. ಸ್ಥಳೀಯರನ್ನು ಯಾಕೆ ತೆಗೆದುಕೊಳ್ಳಲಿಲ್ಲ ಅಂದರೆ ಕಾರಣ ಸರಳ. ಅಣ್ಣತಮ್ಮಂದಿರು, ಮಾವ ಭಾವಂದಿರು ಇಲ್ಲದ ಪೊಲೀಸ್ ಬೇಕಿತ್ತು, ಗುಂಪಿನ ಎದುರು ನಿಂತಾಗ ಅಲ್ಲಿ ತನ್ನವರ ಮುಖ ಕಾಣಬಾರದು. ಆ ಉಪಾಯ ಎರಡೇ ವರ್ಷಕ್ಕೆ ಕೆಟ್ಟಿತು. 1926ರ ಆಗಸ್ಟ್‌ನಲ್ಲಿ ಒಬ್ಬ ಬಲೂಚಿ ತನ್ನದೇ ಪಡೆಯ ಸುಬೇದಾರ ಮತ್ತು ಹವಾಲ್ದಾರನನ್ನು ಗುಂಡಿಟ್ಟು ಕೊಂದ. ಡೇಲಿಗೂ ಗಾಯವಾಯಿತು. ಪಡೆಯನ್ನು ವಿಸರ್ಜಿಸಿ, ಆ ಜಾಗಕ್ಕೆ ಸೈನ್ಯದಲ್ಲಿದ್ದು ಬಂದ ಪಂಜಾಬಿಗಳನ್ನು ತುಂಬಿಸಿದರು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ? ಅಜ್ಜ ಹೇಳಿದ್ದು ನಿಜ. ಆಗಿನ ಲೆಕ್ಕದಲ್ಲಿ ಅವರು ನಮ್ಮ ದೇಶದವರೇ.

ಅದೇ ವರ್ಷ ಚಾರ್ಲ್ಸ್ ಬೆಲ್‌ಗ್ರೇವ್ ಬಂದ. ಲಂಡನ್‌ನ ಟೈಮ್ಸ್ ಪತ್ರಿಕೆಯಲ್ಲಿ ಬಂದ ಸಣ್ಣ ಜಾಹೀರಾತು ನೋಡಿ ಅರ್ಜಿ ಹಾಕಿದವನು. ಶೇಖ್‌ಗೆ ಸಲಹೆಗಾರ ಅಂತ ಹೆಸರಿಗೆ. ಖಜಾನೆ ಅವನ ಕೈಯಲ್ಲಿ, ನ್ಯಾಯಾಲಯದಲ್ಲೂ ಅವನು, ಪೊಲೀಸ್ ಮುಖ್ಯಸ್ಥನೂ ಅವನೇ. 1957ರವರೆಗೆ, ಮೂವತ್ತು ವರ್ಷ ದಾಟಿ. ಬೆಳಗ್ಗೆ ಮುಂಗಡದ ಮೊತ್ತ ನಿಗದಿ ಮಾಡುವ ಚರ್ಚೆಯಲ್ಲಿ ಕೂತವನೇ ಮಧ್ಯಾಹ್ನ ಅದನ್ನು ಒಪ್ಪದವರ ಎದುರು ಪೊಲೀಸರನ್ನು ನಿಲ್ಲಿಸಬೇಕು. ಲೆಕ್ಕದ ಪುಸ್ತಕ, ಬಂದೂಕು ಎರಡೂ ಒಂದೇ ಮೇಜಿನಿಂದ. ನನ್ನ ವಾಕ್ಯದಲ್ಲಿ ಬಿಟ್ಟುಹೋದದ್ದು ಆ ಮೇಜು.

ಅಜ್ಜ ಹೇಳಿದ ಗುಂಡಿನ ಕಥೆ 1932ರ ಮೇ ತಿಂಗಳದ್ದೇ ಇರಬೇಕು. ಮುತ್ತಿನ ಬೆಲೆ ನೆಲಕಚ್ಚಿತ್ತು. ವ್ಯಾಪಾರಿಗಳ ಕೈ ಖಾಲಿ. ಮುಂಗಡ ಇಳಿಸಿದರು. ಮುಳುಗುವವರು ಸಿಟ್ಟಿಗೆದ್ದರು. ತಮ್ಮವನೊಬ್ಬನನ್ನು ಮನಾಮದಲ್ಲಿ ಹಿಡಿದು ಕೂಡಿಹಾಕಿದ್ದಾರೆ ಅಂತ ಗೊತ್ತಾಗಿ ಗುಂಪು ಬಂದು ಅವನನ್ನು ಬಿಡಿಸಿಕೊಂಡಿತು. ಮುಹರ್ರಕ್‌ಗೂ ಮನಾಮಕ್ಕೂ ಆಗ ಸೇತುವೆ ಇಲ್ಲ, ನೀವು ಟ್ಯಾಕ್ಸಿಯಲ್ಲಿ ಐದು ನಿಮಿಷಕ್ಕೆ ದಾಟುತ್ತಿದ್ದ ನೀರನ್ನು ದೋಣಿಯಲ್ಲಿ ದಾಟಬೇಕು. ಪೊಲೀಸರು ಗುಂಡು ಹಾರಿಸಿದರು. ಜನ ಸತ್ತರು. ಇದಾಗಿ ಕೆಲವೇ ದಿನಕ್ಕೆ, ಜೂನ್ ಆರಂಭದಲ್ಲಿ, ಜಬಲ್ ದುಖಾನ್ ಗುಡ್ಡದ ಬುಡದಲ್ಲಿ ಎಣ್ಣೆ ಚಿಮ್ಮಿತು. ಕೊಲ್ಲಿಯ ಅರಬ್ ದಡದಲ್ಲಿ ಸಿಕ್ಕ ಮೊದಲ ಎಣ್ಣೆ. ಕಥೆ ಕಟ್ಟುವವನೂ ಇಷ್ಟು ಹತ್ತಿರ ತಂದು ಇಡಲು ನಾಚುತ್ತಾನೆ! ಮುಳುಗುವವರನ್ನು ಸಾಲದಿಂದ ನಿಜವಾಗಿ ಬಿಡಿಸಿದ್ದು ಯಾರು ಅಂತ ಕೇಳಿದರೆ, ಈಗ ನಾನು ಎಣ್ಣೆ ಕಂಪನಿಯ ದಿನಗೂಲಿ ಅನ್ನುತ್ತೇನೆ. ಲೆಕ್ಕದ ಪುಸ್ತಕ ದಾರಿ ಸ್ವಲ್ಪ ಸವರಿತು, ಅಷ್ಟೇ.

ಜಪಾನಿನ ಮುತ್ತಿನ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಿಕಿಮೊಟೊ ಬೆಳೆಸಿದ ದುಂಡು ಮುತ್ತು 1920ರ ದಶಕದ ಶುರುವಿನಲ್ಲೇ ಯೂರೋಪಿನ ಮಾರುಕಟ್ಟೆಗೆ ಬಂತು. ಅದೊಂದೇ ಕಾರಣವಾಗಿದ್ದರೆ ಬಹ್ರೇನ್ ಆಗಲೇ ಮುಳುಗಬೇಕಿತ್ತು. ಮುಳುಗಲಿಲ್ಲ, ಆ ದಶಕದಲ್ಲಿ ಒಳ್ಳೆಯ ವರ್ಷಗಳೂ ಇದ್ದವು. 1929ರಲ್ಲಿ ಅಮೆರಿಕದ ಶೇರು ಪೇಟೆ ಕುಸಿದು, ಮುತ್ತಿನ ಹಾರ ಕೊಳ್ಳುವವರೇ ಇಲ್ಲವಾದಾಗ ಎರಡು ಪೆಟ್ಟೂ ಒಟ್ಟಿಗೆ ಬಿದ್ದವು. ಬೆಳೆಸಿದ ಮುತ್ತನ್ನು ಬಹ್ರೇನ್ ಒಳಗೇ ಬಿಟ್ಟುಕೊಳ್ಳಲಿಲ್ಲ. ಆ ನಿಷೇಧ ಈಗಲೂ ಇದೆ. ಮನಾಮದ ಚಿನ್ನದ ಅಂಗಡಿಗಳಲ್ಲಿ ನೀವು ಗಮನಿಸಿರಬಹುದು.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. 'ಬಿಡಿಸಿದರು' ತೆಗೆದು 'ಸಾಲಕ್ಕೆ ಲೆಕ್ಕ ಇಡಿಸಿದರು, ಮುಂಗಡಕ್ಕೆ ಮಿತಿ ಹಾಕಿದರು, ಒಪ್ಪದಿದ್ದವರ ಮೇಲೆ ಪೊಲೀಸರನ್ನು ಬಿಟ್ಟರು' ಅಂತ.

ನಿಮ್ಮಿಂದ ಒಂದು ಉಪಕಾರ ಆಗಬೇಕು. ಅಜ್ಜನ ಮನೆಯವರ ನಂಬರ್ ನಿಮ್ಮ ಹತ್ತಿರ ಇನ್ನೂ ಇದೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅವರ ಹಿರಿಯರ ಕೈಗೆ ಬಂದ ಲೆಕ್ಕದ ಪುಸ್ತಕ ಎಲ್ಲಾದರೂ ಪೆಟ್ಟಿಗೆಯಲ್ಲಿ ಉಳಿದಿದೆಯಾ ಕೇಳಿ. ಇದ್ದರೆ ಒಂದೆರಡು ಪುಟದ ಫೋಟೊ ತೆಗೆದು ಕಳಿಸಲು ಹೇಳಿ. ಅರಬ್ಬಿ ಓದಲು ನನಗೆ ಬಾರದು, ಓದಿಸುವವರು ಭಟ್ಕಳದಲ್ಲಿ ಸಿಗುತ್ತಾರೆ. ಕೂಡಿಸಿ ಕಳೆಯುವುದು ಹೇಗೂ ನಿಮಗೆ ಗೊತ್ತು. ಬಾಕಿ ಎಷ್ಟು ಉಳಿದಿತ್ತು ಅಂತ ನೀವೇ ಲೆಕ್ಕ ಹಾಕಿ ಹೇಳಿ.