ರಿಂಗಿನ ಕೊಕ್ಕೆ ಆರನೇ ಪುಟದಲ್ಲಿ ಯಾಕೆ?

ವಿಜಯಪುರದ ಇಂಜಿನಿಯರ್ ಮಿತ್ರರೆ, ನಮಸ್ಕಾರ.

ನಿಮ್ಮ ‘ಭೂಕಂಪಕ್ಕೆ ಬಗ್ಗದ ಕಂಬಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ.

ತಲೆಬರಹವೇ ತಪ್ಪು. ಕಂಬ ಬಗ್ಗಬೇಕು, ಮುರಿಯಬಾರದು. ನೀವು ಒಳಗೆ ಹೇಳಿರುವುದೂ ಅದನ್ನೇ ಅಲ್ವಾ? ಅದಕ್ಕೆ ‘ತನ್ಯತೆ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಮನೆ ಕಟ್ಟಿಸುವವರಿಗೆ, ಗೌಂಡಿಗೆ ಅದು ತಲೆಗೆ ಹತ್ತುವುದಿಲ್ಲ. ಹಸಿ ಜೋಳದ ದಂಟು ಬಾಗುತ್ತದೆ, ಒಣಗಿದ್ದು ಲಟಕ್ಕನೆ ಮುರಿಯುತ್ತದೆ. ಅಷ್ಟು ಸಾಕು.

ಗೋಳಗುಮ್ಮಟದಿಂದ ಶುರು ಮಾಡಿದ್ದೀರಿ. ಊರಿನ ಅಭಿಮಾನ ಸರಿ. ಆದರೆ ಆ ಗುಮ್ಮಟವನ್ನು ಹೊರುವ ಒಂದು ಕಂಬವೂ ಒಳಗಿಲ್ಲ! ಭಾರವೆಲ್ಲ ಕಮಾನು, ಗೋಡೆಗಳ ಮೇಲೆ. ಸುಮ್ನೆ ಒಂದೂವರೆ ಪುಟ ಹೋಯಿತು.

1993ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಲ್ಲಿ ‘ದುರ್ಬಲ ಕಾಲಂಗಳಿಂದ’ ಮನೆ ಬಿದ್ದವು ಎಂದಿದ್ದೀರಿ. ಅಲ್ಲಿ ಜಾಸ್ತಿ ಜನ ಸತ್ತದ್ದು ಕಲ್ಲು-ಮಣ್ಣಿನ ದಪ್ಪ ಗೋಡೆಗಳ ಕೆಳಗೆ. ಕಾಲಂ ಕಥೆ ಬೇಕಿದ್ದರೆ 2001ರ ಭುಜ್ ಭೂಕಂಪ ತೆಗೆದುಕೊಳ್ಳಿ. ಅಹಮದಾಬಾದಿನಲ್ಲಿ ಕೆಳಗೆ ಪಾರ್ಕಿಂಗ್‌ಗೆ ಬರೀ ಕಂಬ ನಿಲ್ಲಿಸಿ ಜಾಗ ಬಿಟ್ಟು, ಮೇಲೆ ಗೋಡೆ ಕಟ್ಟಿದ ಅಪಾರ್ಟ್‌ಮೆಂಟುಗಳು ಕುಸಿದವು. ಅಂಥ ಪಾರ್ಕಿಂಗ್ ನಿಮ್ಮ ಓಣಿಯಲ್ಲೂ ಇರಬೇಕು, ನೋಡಿ.

ಲೇಖನದ ಜೀವ ಆರನೇ ಪುಟದ ಒಂದು ಸಾಲಿನಲ್ಲಿದೆ: ‘ಬಾರ್‌ಬೆಂಡಿಂಗ್ ಹುಡುಗ ರಿಂಗಿನ ಕೊಕ್ಕೆಯನ್ನು 90 ಡಿಗ್ರಿಗೇ ನಿಲ್ಲಿಸಿದ್ದ, ನಾನು ಬಿಚ್ಚಿಸಿದೆ.’ (ರಿಂಗ್ ಅಂದರೆ ಕಂಬದ ಉದ್ದನೆಯ ಸರಳುಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ಬಳೆ, ಕೊಕ್ಕೆ ಅದರ ಬಗ್ಗಿಸಿದ ತುದಿ.) ಅಯ್ಯೋ, ಇದನ್ನು ಯಾಕೆ ಬಚ್ಚಿಟ್ಟಿರಿ? ಇಲ್ಲಿಂದಲೇ ಶುರು ಮಾಡಿ. ಅವನು ಏನಂದ? ಎಷ್ಟು ಹೊತ್ತು ವಾದ ಆಯಿತು? ಆಮೇಲೆ ಕಾರಣ ಹೇಳಿ. ಕಂಬ ತೂಗಾಡಿದಾಗ ಮೊದಲು ಉದುರುವುದು ಹೊರಗಿನ ಕಾಂಕ್ರೀಟ್ ಪದರ. 90 ಡಿಗ್ರಿ ಕೊಕ್ಕೆಯನ್ನು ಹಿಡಿದಿರುವುದೇ ಆ ಪದರ. ಅದು ಹೋದರೆ ರಿಂಗ್ ಬಾಯಿ ಬಿಡುತ್ತದೆ, ಉದ್ದನೆಯ ಸರಳು ಹೊರಕ್ಕೆ ಬಾಗುತ್ತದೆ, ಒಳಗಿನ ಕಾಂಕ್ರೀಟ್ ಪುಡಿಯಾಗುತ್ತದೆ. 135 ಡಿಗ್ರಿಗೆ ಬಗ್ಗಿಸಿದ ಕೊಕ್ಕೆಯ ತುದಿ ಒಳಗಿನ ಕಾಂಕ್ರೀಟಿನಲ್ಲೇ ಹೂತಿರುತ್ತದೆ. ಕಂಬದ ಬುಡದಲ್ಲಿ, ಮೇಲ್ತುದಿಯಲ್ಲಿ ಏಟು ಹೆಚ್ಚು. ಅದಕ್ಕೇ ಭೂಕಂಪ ತಾಳುವ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕ ಐಎಸ್ 13920, ಆ ಎರಡು ಕಡೆ ರಿಂಗುಗಳ ಅಂತರ 100 ಮಿಲಿಮೀಟರ್ ದಾಟಬಾರದು ಎನ್ನುತ್ತದೆ. ನೀವು ಸಂಖ್ಯೆ ಕೊಟ್ಟು ಕಾರಣ ನುಂಗಿದ್ದೀರಿ.

ಹಳೇ ಕಟ್ಟಡದ ಜಾಕೆಟಿಂಗ್, ಅಂದರೆ ಕಂಬಕ್ಕೆ ಹೊರಕವಚ ಹಾಕುವ ಭಾಗ ಅರ್ಧ ಪುಟಕ್ಕೆ ಇಳಿಯಲಿ. ಒಳಗೆ ಸಾಲದ ರಿಂಗನ್ನು ಹೊರಗಿನಿಂದ ತೊಡಿಸಿದ ಹಾಗೆ, ಅಷ್ಟೇ. ಆದರೆ ಚೌಕ ಕಂಬದ ಮೂಲೆಯನ್ನು ದುಂಡಗೆ ಉಜ್ಜಿಯೇ ಕಾರ್ಬನ್ ಫೈಬರ್ ಸುತ್ತಬೇಕು, ಚೂಪಾಗಿದ್ದರೆ ಅಲ್ಲೇ ಹರಿಯುತ್ತದೆ ಎಂಬ ಮಾತು ಇರಲಿ.

ನಾಲ್ಕು ಪುಟ ಸಾಕು. ಬಿಚ್ಚಿಸಿದ ಆ ರಿಂಗಿನ ಫೋಟೋ ಇದ್ದರೆ ಜೊತೆಗೆ ಕಳಿಸಿ.

ನಿಮ್ಮ,
ಸಂಪಾದಕ