ನಡೆದಿದ್ದು ನಾಲ್ಕು ಹೆಜ್ಜೆ, ಆ್ಯಪ್ ತೋರಿಸುವುದು ನಲವತ್ತು ಸಾವಿರ!

ಪ್ರಶ್ನೆ: ನಾನು ಬಿಸಿಎ ಕೊನೆಯ ವರ್ಷದ ವಿದ್ಯಾರ್ಥಿನಿ, ಹಾಸನದವಳು. ಪ್ರಾಜೆಕ್ಟ್‌ಗೆಂದು ಆ್ಯಪ್ ತಯಾರಿಸುವ ಸಾಧನವಾದ ಫ್ಲಟರ್‌ನಲ್ಲಿ ವಾಕಿಂಗ್ ಆ್ಯಪ್ ಮಾಡುತ್ತಿದ್ದೇನೆ. ಹೆಜ್ಜೆ ಎಣಿಸುವ ಪೆಡೋಮೀಟರ್ ಪ್ಯಾಕೇಜ್ (ಸಿದ್ಧ ಕೋಡ್) ಹಾಕಿದ್ದೇನೆ. ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರ್‌ನೊಳಗಿನ ನಕಲಿ ಫೋನ್) ಏನೂ ಬರುವುದಿಲ್ಲ. ನನ್ನ ಆ್ಯಂಡ್ರಾಯ್ಡ್ ಫೋನ್‌ನಲ್ಲಿ ತೆರೆದ ಕೂಡಲೇ 41,250 ಹೆಜ್ಜೆ ಎಂದು ತೋರಿಸುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡಿದರೆ ಸೊನ್ನೆ. ಗೆಳತಿಯ ಐಫೋನ್‌ನಲ್ಲಂತೂ ಆ್ಯಪ್ ತೆರೆದ ತಕ್ಷಣ ಮುಚ್ಚಿಹೋಗುತ್ತದೆ. ಇವತ್ತಿನ ಹೆಜ್ಜೆ ಮಾತ್ರ ತೋರಿಸುವುದು ಹೇಗೆ ಸರ್? ಅಲುಗಾಟ ಅಳೆಯುವ ಆಕ್ಸಿಲರೋಮೀಟರ್ ಸೆನ್ಸರ್ ಬಳಸಿ ನಾನೇ ಎಣಿಸಿಬಿಡಲಾ?

ಉತ್ತರ: ನಿಮ್ಮ ಕೋಡ್ ತಪ್ಪು ಲೆಕ್ಕ ಹಾಕುತ್ತಿಲ್ಲ. ಆ್ಯಂಡ್ರಾಯ್ಡ್‌ನ ಸ್ಟೆಪ್ ಕೌಂಟರ್ ಸೆನ್ಸರ್ ಕೊಡುವುದೇ ಅದನ್ನು: ಫೋನ್ ಕಳೆದ ಬಾರಿ ಆನ್ ಆದಾಗಿನಿಂದ ಇಲ್ಲಿಯವರೆಗಿನ ಒಟ್ಟು ಹೆಜ್ಜೆ. ‘ಇವತ್ತು’ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಮನೆಯ ಕರೆಂಟ್ ಮೀಟರ್ ಇದ್ದ ಹಾಗೆ. ಈ ತಿಂಗಳ ಯೂನಿಟ್ ಬೇಕಾದರೆ ಹಿಂದಿನ ರೀಡಿಂಗ್ ಕಳೆಯಬೇಕು ಅಲ್ವಾ?

ಹಾಗಾಗಿ ಫೋನ್‌ನಲ್ಲಿ ಎರಡು ಸಂಖ್ಯೆ ಉಳಿಸಿಡಿ: ಕೊನೆಯ ರೀಡಿಂಗ್ ಮತ್ತು ಇವತ್ತಿನ ಮೊತ್ತ. ಬೆಳಿಗ್ಗೆ ರೀಡಿಂಗ್ 41,250 ಇತ್ತು, ಸಂಜೆ 46,730 ಬಂತು ಎನ್ನೋಣ. ವ್ಯತ್ಯಾಸ 5,480, ಅದು ಇವತ್ತಿನ ಮೊತ್ತಕ್ಕೆ. ಆಮೇಲೆ ಫೋನ್ ರೀಸ್ಟಾರ್ಟ್ ಆಯಿತು, ಹೊಸ ರೀಡಿಂಗ್ 320. ಹಳೆಯದಕ್ಕಿಂತ ಕಡಿಮೆ ಬಂದಿದೆ ಎಂದರೆ ಮೀಟರ್ ಸೊನ್ನೆಯಿಂದ ಶುರುವಾಗಿದೆ ಎಂದರ್ಥ. ಆಗ ಕಳೆಯಬೇಡಿ, 320ನ್ನು ಹಾಗೇ ಸೇರಿಸಿ. ಮೊತ್ತ 5,800 ಆಗುತ್ತದೆ.

ಇದರಲ್ಲೂ ಒಂದು ಸಂದು ಉಳಿಯುತ್ತದೆ. ರೀಸ್ಟಾರ್ಟ್ ಆದ ಮೇಲೆ ಬಹಳ ದಿನ ಆ್ಯಪ್ ತೆರೆಯದೆ, ಅಷ್ಟರಲ್ಲಿ ಹೊಸ ರೀಡಿಂಗ್ ಹಳೆಯದನ್ನು ದಾಟಿಬಿಟ್ಟರೆ? ಕಡಿಮೆಯಾಯಿತೇ ಎಂದು ನೋಡುವ ಉಪಾಯ ಅಲ್ಲಿ ನಡೆಯುವುದಿಲ್ಲ. ಆ್ಯಂಡ್ರಾಯ್ಡ್ 7ರಿಂದ ಫೋನ್ ಎಷ್ಟು ಸಲ ಬೂಟ್ ಆಗಿದೆ ಎಂಬ ಲೆಕ್ಕ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಫ್ಲಟರ್ ಕೋಡ್ ಆ್ಯಂಡ್ರಾಯ್ಡ್ ಜೊತೆ ಮಾತಾಡುವ ದಾರಿಯಾದ ಮೆಥಡ್ ಚಾನೆಲ್ ಮೂಲಕ ಅದನ್ನು ಓದಿ, ರೀಡಿಂಗ್ ಜೊತೆಗೇ ಉಳಿಸಿಕೊಳ್ಳಿ. ಆ ಲೆಕ್ಕ ಬದಲಾಗಿದ್ದರೆ ನಡುವೆ ಫೋನ್ ರೀಸ್ಟಾರ್ಟ್ ಆಗಿದೆ ಎಂದರ್ಥ.

ನಿಜವಾದ ತಲೆನೋವು ಮಧ್ಯರಾತ್ರಿಯದು. ರಾತ್ರಿ 9ಕ್ಕೆ ಆ್ಯಪ್ ಮುಚ್ಚಿದವರು ಮರುದಿನ ಬೆಳಿಗ್ಗೆ 8ಕ್ಕೆ ತೆರೆದರೆ, ನಡುವಿನ ಹೆಜ್ಜೆಗಳಲ್ಲಿ ನಿನ್ನೆಯವು ಎಷ್ಟು, ಇವತ್ತಿನವು ಎಷ್ಟು ಎಂದು ಈ ಸೆನ್ಸರ್ ಹೇಳುವುದಿಲ್ಲ. ಅದರ ಬಳಿ ಇತಿಹಾಸ ಇಲ್ಲ. ಆ್ಯಂಡ್ರಾಯ್ಡ್ 9ರಿಂದೀಚೆಗೆ ಹಿನ್ನೆಲೆಯಲ್ಲಿರುವ ಆ್ಯಪ್‌ಗೆ ಸೆನ್ಸರ್ ಸುದ್ದಿಯೂ ಬರುವುದಿಲ್ಲ. ದಿನವಿಡೀ ಕೇಳುತ್ತಿರಬೇಕೆಂದರೆ ನೋಟಿಫಿಕೇಷನ್ ತೋರಿಸುವ ಫೋರ್‌ಗ್ರೌಂಡ್ ಸರ್ವಿಸ್ ಬೇಕು. ದಿನವಾರು ಲೆಕ್ಕ ನಿಖರವಾಗಿಯೇ ಬೇಕು ಎನ್ನುವುದಾದರೆ ಆರೋಗ್ಯದ ಮಾಹಿತಿ ಕೂಡಿಡುವ ಆ್ಯಂಡ್ರಾಯ್ಡ್‌ನ ಹೆಲ್ತ್ ಕನೆಕ್ಟ್‌ನಿಂದ ಓದುವುದು ಒಳ್ಳೆಯ ದಾರಿ. ಆ್ಯಂಡ್ರಾಯ್ಡ್ 14ರಿಂದ ಅದು ಸಿಸ್ಟಮ್‌ನ ಭಾಗವೇ ಆಗಿದೆ. ಫ್ಲಟರ್‌ನ ಹೆಲ್ತ್ ಪ್ಯಾಕೇಜ್ ಅದನ್ನೂ ಐಫೋನ್‌ನ ಹೆಲ್ತ್‌ಕಿಟ್ ಅನ್ನೂ ಓದಬಲ್ಲದು. ಕಾಲೇಜು ಪ್ರಾಜೆಕ್ಟ್‌ಗೆ ಮಾತ್ರ ಮೇಲಿನ ವ್ಯತ್ಯಾಸದ ಲೆಕ್ಕವೇ ಸಾಕು ಎನ್ನುತ್ತೇನೆ. ಅದನ್ನು ಕೈಯಾರೆ ಬರೆದರೆ ಕಲಿಯುವುದು ಜಾಸ್ತಿ.

ಐಫೋನ್ ಕಥೆಯೇ ಬೇರೆ. ಆ್ಯಪ್ ಮುಚ್ಚಿಹೋಗಲು ಬಹುತೇಕ ಕಾರಣ, ಆ್ಯಪ್‌ನ ವಿವರಗಳಿರುವ ಇನ್ಫೋ ಪಿಲಿಸ್ಟ್ ಫೈಲ್‌ನಲ್ಲಿ ಮೋಷನ್ ಯೂಸೇಜ್ ಡಿಸ್ಕ್ರಿಪ್ಷನ್ ಎಂಬ ಸಾಲು ಇಲ್ಲದಿರುವುದು. ಚಲನೆಯ ಮಾಹಿತಿ ಏಕೆ ಬೇಕು ಎಂದು ಅಲ್ಲಿ ಒಂದು ವಾಕ್ಯ ಬರೆಯದಿದ್ದರೆ ಐಒಎಸ್ ಆ್ಯಪನ್ನೇ ನಿಲ್ಲಿಸಿಬಿಡುತ್ತದೆ. ಸುಮ್ನೆ ‘ಬೇಕು’ ಎಂದು ಬರೆಯಬೇಡಿ. ಬಳಸುವವರು ಆ ಮಾತು ಓದಿಯೇ ಒಪ್ಪಿಗೆ ಕೊಡುವುದು. ಅಲ್ಲಿ ಮಧ್ಯರಾತ್ರಿಯ ತೊಂದರೆಯೂ ಇಲ್ಲ. ನಿಮ್ಮ ಆ್ಯಪ್ ಓಡದಿದ್ದಾಗಲೂ ಐಫೋನ್ ಎಣಿಸುತ್ತಿರುತ್ತದೆ, ಹಿಂದಿನ 7 ದಿನಗಳ ಲೆಕ್ಕ ಇಟ್ಟಿರುತ್ತದೆ. ಆ್ಯಪಲ್‌ನ ಸ್ವಿಫ್ಟ್ ಭಾಷೆಯಲ್ಲಿ, ಐಫೋನ್‌ನ ಹೆಜ್ಜೆ ಲೆಕ್ಕ ಕೊಡುವ ಸಿಎಂಪೆಡೋಮೀಟರ್‌ಗೆ ‘ರಾತ್ರಿ 12ರಿಂದ ಈಗಿನವರೆಗೆ ಎಷ್ಟು?’ ಎಂದು ಕೇಳಿದರೆ ನೇರವಾಗಿ ಉತ್ತರ ಕೊಡುತ್ತದೆ.

ಆ್ಯಂಡ್ರಾಯ್ಡ್‌ನಲ್ಲೂ ಅನುಮತಿ ಮರೆಯಬೇಡಿ. ಆವೃತ್ತಿ 10ರಿಂದ ಆಕ್ಟಿವಿಟಿ ರೆಕಗ್ನಿಷನ್ ಅನುಮತಿಯನ್ನು ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ನ ವಿವರದ ಫೈಲ್) ಬರೆದರೆ ಸಾಲದು, ಆ್ಯಪ್ ಓಡುವಾಗಲೂ ಕೇಳಬೇಕು. ಮೊದಲು ಅನುಮತಿ, ಆಮೇಲೆ ಸೆನ್ಸರ್‌ನಿಂದ ಬರುವ ಸ್ಟ್ರೀಮ್ ಕೇಳಲು ಶುರು ಮಾಡುವುದು. ಈ ಕ್ರಮ ತಪ್ಪಿದರೆ ಹೆಜ್ಜೆಯೇ ಬರುವುದಿಲ್ಲ.

ಎಮ್ಯುಲೇಟರ್‌ಗೆ ನಡೆಯಲು ಕಾಲಿಲ್ಲ, ಹೆಜ್ಜೆ ಎಣಿಸುವ ಸೆನ್ಸರೂ ಇಲ್ಲ. ನಿಜವಾದ ಫೋನ್ ಜೇಬಿಗೆ ಹಾಕಿಕೊಂಡು ಓಣಿಯಲ್ಲಿ ನಡೆದು ಬನ್ನಿ. ಕೋಣೆಯಲ್ಲಿ ಎರಡು ಹೆಜ್ಜೆ ಇಟ್ಟು ‘ಏರಲಿಲ್ಲ’ ಎನ್ನಬೇಡಿ. ಸ್ಟೆಪ್ ಕೌಂಟರ್ ಖಚಿತ ಮಾಡಿಕೊಂಡು ಎಣಿಸುತ್ತದೆ, 10 ಸೆಕೆಂಡ್‌ವರೆಗೂ ತಡವಾಗಬಹುದು. ಹೆಜ್ಜೆ ಹೆಜ್ಜೆಗೂ ಬೇಗ ಸುದ್ದಿ ಬೇಕಿದ್ದರೆ ಸ್ಟೆಪ್ ಡಿಟೆಕ್ಟರ್ ಎಂಬ ಬೇರೆ ಸೆನ್ಸರ್ ಇದೆ.

ಇನ್ನು ಆಕ್ಸಿಲರೋಮೀಟರ್. ಬೇಡ. ಸ್ಟೆಪ್ ಕೌಂಟರ್ ಕಡಿಮೆ ಕರೆಂಟ್ ಬಳಸುವ ಹಾರ್ಡ್‌ವೇರ್‌ನಲ್ಲಿ ಓಡುತ್ತದೆ. 2013ರ ಆ್ಯಂಡ್ರಾಯ್ಡ್ 4.4 ಮತ್ತು ಐಫೋನ್ 5ಎಸ್ ಕಾಲದಿಂದ ಈ ಏರ್ಪಾಡು ಇದೆ. ನೀವೇ ಎಣಿಸಲು ಹೋದರೆ ಮುಖ್ಯ ಪ್ರೊಸೆಸರ್ ಎಚ್ಚರವಾಗಿಯೇ ಇರಬೇಕು, ಬ್ಯಾಟರಿ ಕರಗುತ್ತದೆ. ಬಸ್ಸಿನ ಕುಲುಕಾಟವನ್ನೂ ಹೆಜ್ಜೆ ಎಂದುಕೊಳ್ಳದಂತೆ ನೋಡಿಕೊಳ್ಳುವುದು ಇನ್ನೊಂದು ದೊಡ್ಡ ಕೆಲಸ. ಸೆನ್ಸರ್ ಇಲ್ಲದ ಅಗ್ಗದ ಫೋನ್‌ಗಳಲ್ಲಿ ‘ಈ ಫೋನ್‌ನಲ್ಲಿ ಹೆಜ್ಜೆ ಎಣಿಸಲು ಆಗುವುದಿಲ್ಲ’ ಎಂದು ನೇರವಾಗಿ ತೋರಿಸಿ. ಮ್ಯಾನಿಫೆಸ್ಟ್‌ನಲ್ಲಿ ಸ್ಟೆಪ್ ಕೌಂಟರ್ ಕಡ್ಡಾಯವಲ್ಲ ಎಂದು ನಮೂದಿಸಿ. ಕಡ್ಡಾಯ ಎಂದಿದ್ದರೆ ಅಂಥ ಫೋನ್‌ಗಳಿಗೆ ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಆ್ಯಪ್ ಸಿಗುವುದೇ ಇಲ್ಲ.